ಅರ್ಥ ಬ್ಯಾಡ್ರಿ, ಅವಾಜ ಅಷ್ಟ ಕೇಳ್ರಿ

ಹುಮನಾಬಾದಿನ ಜನ ಯಾರಿಗೂ ಕಡಿಮೆ ಮಾರ್ಕ್ಸ್ ಕೊಡುವುದಿಲ್ಲ. ಮದುವೆ ಊಟದಲ್ಲಿ ಸಾರು ಹಳಸಿದ್ದರೂ 'ಬಾಳ ಚಲೋ ಆಗಿತ್ತು' ಎಂದೇ ಕೈ ತೊಳೆಯುತ್ತಾರೆ. ನಾನು ಕೊಡುತ್ತೇನೆ. ಪಿಯು ಕಾಲೇಜಿನಲ್ಲಿ ಗಣಿತ ಕಲಿಸುವ ನನ್ನನ್ನು ಹುಡುಗರು ಬೆನ್ನ ಹಿಂದೆ ಕಂಜೂಸ್ ಮೇಡಂ ಎನ್ನುತ್ತಾರೆಂದು ನನಗೆ ಗೊತ್ತು. ಲೆಕ್ಕದಲ್ಲಿ ಒಂದು ಹೆಜ್ಜೆ ಬಿಟ್ಟರೆ ಒಂದು ಮಾರ್ಕು ಹೋಯಿತು, ಅದರಲ್ಲಿ ಅಳುವುದೇನಿದೆ?

ಹಾಗಂತ 2004ರ ಆ ಮಧ್ಯಾಹ್ನ ಯಾರ ಮನಸ್ಸನ್ನಾದರೂ ನೋಯಿಸಬೇಕೆಂದು ನಾನು ಊರ ಪಕ್ಕದ ಮಾಣಿಕನಗರಕ್ಕೆ ಹೋಗಿರಲಿಲ್ಲ. ಮಸ್ಕತ್ತಿನಲ್ಲಿರುವ ಅಕ್ಕ ರೂಪಾಲಿಯ ಜೊತೆ ನೆಟ್‌ಫೋನಿನಲ್ಲಿ ಮಾತಾಡಬೇಕಿತ್ತು. ಅಲ್ಲಿನ ಇಂಟರ್‌ನೆಟ್ ಅಂಗಡಿಯ ಗುಲಾಮ್ ರಸೂಲ್ ಭಾಯಿ, ಲೈನ್ ಸಿಗುವ ತನಕ ಕೂರಿ ಎಂದು ಮೂಲೆಯ ಕಂಪ್ಯೂಟರಿನ ಕಡೆ ಕೈ ತೋರಿಸಿದರು.

"ಜರಾ ಅಲ್ಲಿ ಕೂಡ್ರಿ ಮೇಡಂ. ಬಸವಕಲ್ಯಾಣದಿಂದ ಸರ್ ಬಂದಾರ. ಹೆಡ್‌ಫೋನ್ ಹಾಕ್ಕೊಂಡು ಅವಾಜ ಹ್ಯಾಂಗ ಅದ ಅಂತ ಮಾರ್ಕ್ಸ್ ಕೊಡೋದು. ಬಸ್, ಇಷ್ಟ."

ಮಾರ್ಕ್ಸ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಾನು ಸುಮ್ಮನಿರುವವಳಲ್ಲ. ಹೋಗಿ ಕುಳಿತೆ.

ಕಂಪ್ಯೂಟರಿನ ಮುಂದಿದ್ದ ಮನುಷ್ಯ ಎತ್ತರವಾಗಿ ತೆಳ್ಳಗಿದ್ದರು. ಅಂಗಿಯ ತೋಳು ಮೊಣಕೈ ತನಕ ಮಡಚಿತ್ತು. ನನ್ನ ಮುಖ ನೋಡದೆ, ಹೆಡ್‌ಫೋನಿನ ವೈರು ಬಿಡಿಸುತ್ತಲೇ ಮಾತಾಡಿದರು.

"ಒಂದರಿಂದ ಐದ್ರಿ. ಒಂದಂದ್ರ ಕೇಳಾಕ ಆಗಲಾರದಷ್ಟು ಕೆಟ್ಟದ. ಐದಂದ್ರ ಎದುರು ಕುಂತು ಮಾತಾಡಿದಂಗ ಅದ. ಅರ್ಥ ಬ್ಯಾಡ್ರಿ, ಅವಾಜ ಅಷ್ಟ ಕೇಳ್ರಿ."

ಕೇಳಿದೆ. ಒಬ್ಬ ಗಂಡಸು 'ಮಾವಿನ ಮರದ ಕೆಳಗೆ ಎತ್ತು ಮಲಗಿದೆ' ಎಂದ. ಎತ್ತು ಮಲಗಿದ್ದು ಮರದ ಕೆಳಗೋ ಕೊಡದ ಒಳಗೋ ತಿಳಿಯದಂತಿತ್ತು. ಎರಡು ಎಂದು ಬರೆದೆ. ಮುಂದಿನದಕ್ಕೆ ಒಂದು. ಅದರ ಮುಂದಿನದಕ್ಕೆ ಮತ್ತೆ ಎರಡು.

ಆಗ ಅವರು ತಲೆಯೆತ್ತಿದರು. ದೊಡ್ಡ ಕಣ್ಣು, ಅದರಲ್ಲಿ ನೋವು ಸ್ಪಷ್ಟವಾಗಿ ಕಾಣುತ್ತಿತ್ತು.

"ಎರಡೇನ್ರಿ?"

"ಕೊಡದಾಗ ಕುಂತು ಮಾತಾಡಿದಂಗ ಅದ್ರಿ. 'ಸ' ಯಾವುದು, 'ಫ' ಯಾವುದು ತಿಳೀವಲ್ದು. ಎರಡ ಜಾಸ್ತಿ."

"ಅದು ನನ್ನ ದನಿ ಇತ್ರಿ."

ಹಿಂದೆ ಗುಲಾಮ್ ರಸೂಲ್ ಭಾಯಿ ಕೆಮ್ಮಿದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಎರಡನ್ನು ನಾಲ್ಕು ಮಾಡುತ್ತಿದ್ದರು. ನನ್ನ ಕೈ ಹಾಗೆಲ್ಲ ತಿದ್ದುವ ಕೈಯಲ್ಲ. "ದನಿ ಯಾರದಾದ್ರೇನ್ರಿ, ಕಿವಿಗಿ ಬಂದಿದ್ದಕ್ಕ ಮಾರ್ಕ್ಸ್," ಎಂದೆ.

ಅವರು ನನ್ನನ್ನೇ ನೋಡಿದರು. ನೋಡುತ್ತ ನೋಡುತ್ತ ಕಣ್ಣಿನ ನೋವು ಕರಗಿ, ಮುಖದ ತುಂಬ ನಗು ಹರಡಿತು. ಚೀಲದಿಂದ ಒಂದು ಕಟ್ಟು ಹಾಳೆ ತೆಗೆದು ಮೇಜಿನ ಮೇಲೆ ಹರವಿದರು. ಎಲ್ಲ ಹಾಳೆಯ ತುಂಬ ಐದು. ಹೂ ಮಾರುವ ಯಶೋದಾಬಾಯಿಯದೂ ಐದು, ಆಟೋದ ಕಾಶಿರಾಮನದೂ ಐದು. ಗುಲಾಮ್ ರಸೂಲ್ ಭಾಯಿ ಮನಸ್ಸು ತಡೆಯದೆ ಒಂದು ಕಡೆ ಆರು ಬರೆದಿದ್ದರು.

"ಕೆಟ್ಟ ಅವಾಜಕ್ಕೂ ಐದು, ಚಲೋದಕ್ಕೂ ಐದು. ಒಂದು ತಿಂಗಳಿಂದ ಇದ ನಡದದ್ರಿ. ಖರೇ ಹೇಳಿದವರು ನೀವೊಬ್ಬರ."

"ಎರಡು ಕೊಟ್ಟವರಿಗಿ ಇಷ್ಟು ಖುಷಿ ಪಡತೀರಿ. ಒಂದು ಕೊಟ್ಟಿದ್ರ ಊಟಕ್ಕ ಕರೀತಿದ್ರೇನು?"

ಅವರ ಕಿವಿ ಕೆಂಪಾಯಿತು. ಮುಖವಲ್ಲ, ಕಿವಿ ಮಾತ್ರ. ಅಕ್ಕನ ಫೋನ್ ಬಂತೆಂದು ಭಾಯಿ ಕೂಗಿದರೂ ನಾನು ಇನ್ನೂ ಆ ಕಿವಿಯನ್ನೇ ನೋಡುತ್ತಿದ್ದೆ.

ಹೆಸರು ಧನರಾಜ. ಊರು ರಾಜೇಶ್ವರ. ಬಸವಕಲ್ಯಾಣದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತ, ರಜೆ ದಿನಗಳಲ್ಲಿ ತಮ್ಮದೇ ಎಂ.ಟೆಕ್. ಪ್ರಾಜೆಕ್ಟ್ ಮಾಡುತ್ತಿದ್ದರು. ಇಂಟರ್‌ನೆಟ್ ಕರೆಯಲ್ಲಿ ದನಿಯನ್ನು ಹಿಂಡಿ ಸಣ್ಣದು ಮಾಡಿ ಕಳಿಸುವ ಪ್ರೋಗ್ರಾಮುಗಳಿವೆಯಂತೆ, ಅವುಗಳಿಗೆ ಕೋಡರ್ ಎನ್ನುತ್ತಾರಂತೆ. ಅವುಗಳಲ್ಲಿ ಯಾವುದು ನಮ್ಮ ಕನ್ನಡಕ್ಕೆ ಚೆನ್ನಾಗಿ ಒಗ್ಗುತ್ತದೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಮಷಿನಿನ ಲೆಕ್ಕ ಸಾಲದು, ಮನುಷ್ಯರ ಕಿವಿ ಬೇಕು. ನಮ್ಮೂರಿನ ಕಿವಿಗಳೋ ಬರೀ ಮರ್ಯಾದಸ್ಥ ಕಿವಿಗಳು.

"ನೀವು ಒಂದಿಷ್ಟು ಅವರಿಗಿ ತಿಳಿಸಿ ಹೇಳ್ತೀರೇನ್ರಿ ಮೇಡಂ?" ಎಂದು ಕೇಳಿದರು.

ಮುಂದಿನ ಭಾನುವಾರ ಎಲ್ಲರನ್ನೂ ಅಂಗಡಿಯಲ್ಲಿ ಕೂರಿಸಿಕೊಂಡು ಕ್ಲಾಸ್ ತೆಗೆದುಕೊಂಡೆ. ಯಶೋದಾಬಾಯಿ ಒಪ್ಪಲಿಲ್ಲ. "ನನ್ನ ಮಗನ ವಯಸ್ಸಿನ ಹುಡುಗ ಅದಾನವ್ವ. ಅವನ ದನಿಗಿ ಕಮ್ಮಿ ಬರದ್ರ ಬೇಜಾರ ಆಗಂಗಿಲ್ಲೇನು?"

"ಮಾರ್ಕ್ಸ್ ಮನುಷ್ಯಾಗಲ್ಲ ಯಶೋದಾಬಾಯಿ, ತಂತಿಗಿ."

"ತಂತಿಗಿ ಬೇಜಾರ ಆಗಂಗಿಲ್ಲಲ್ಲ?"

"ಇಲ್ಲ."

"ಮೊದಲ ಹಾಂಗ ಹೇಳಬಾರದಾ!" ಎಂದು ಆಕೆ ಪೆನ್ನು ಹಿಡಿದು, ಮೊದಲ ವಾಕ್ಯಕ್ಕೇ ನಿರ್ದಯವಾಗಿ ಒಂದು ಬರೆದರು. ಧನರಾಜ ಸರ್ ನನ್ನ ಕಡೆ ತಿರುಗಿ, ಯಾರಿಗೂ ಕಾಣದ ಹಾಗೆ ಕೈ ಮುಗಿದರು. ಆ ಮುಗಿದ ಕೈಯ ಹಿಂದೆ ಕಣ್ಣು ನಗುತ್ತಿದ್ದವು. ಮನೆಗೆ ಹೋಗಿ ಪೇಪರ್ ತಿದ್ದಲು ಕುಳಿತರೆ ಒಬ್ಬ ಹುಡುಗನಿಗೆ ಸುಮ್ಮಸುಮ್ಮನೆ ಎರಡು ಮಾರ್ಕು ಹೆಚ್ಚು ಹಾಕಿದ್ದೆ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆಮೇಲೆ ಭಾನುವಾರಗಳು ರುಚಿಯಾದವು. ಕೇಳುವವರು ಎದ್ದು ಹೋದ ಮೇಲೆ ನಾವಿಬ್ಬರೂ ಭಾಯಿಯ ಅಂಗಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆವು. ನಾನು ಕೇಳುವುದು, ಅವರು ಹೇಳುವುದು. ಹೇಳುವಾಗ ಅವರ ಕೈ ಗಾಳಿಯಲ್ಲಿ ಗೆರೆ ಎಳೆಯುತ್ತಿತ್ತು. ಉದ್ದ ಬೆರಳು. ನಾನು ಅರ್ಧ ಕೇಳುತ್ತಿದ್ದೆ, ಅರ್ಧ ಬೆರಳು ನೋಡುತ್ತಿದ್ದೆ.

"ಮೊದಲ ಟೆಲಿಫೋನಿನವರು ದನಿ ಇದ್ದಂಗ ಕಳಸ್ತಿದ್ರು. ಆಮ್ಯಾಲೆ ತಂತ್ಯಾಗ ಜಾಗ ಸಾಲದೆ ಹಿಂಡಾಕ ಚಾಲೂ ಮಾಡಿದ್ರು. ಈಗಿನ ಕೋಡರ್ ದನಿ ಕಳಸೋದ ಇಲ್ರಿ. ಗಂಟಲು ಹ್ಯಾಂಗ ಇತ್ತು, ಬಾಯಿ ಹ್ಯಾಂಗ ಇತ್ತು ಅನ್ನೋದಷ್ಟ ಕಳಸ್ತದ. ಆ ಕಡಿ ಮಷಿನ್ ಅದನ್ನ ನೋಡಿ ಹೊಸಾ ದನಿ ಮಾಡ್ತದ."

"ಅಂದ್ರ ಪಲ್ಯ ಕಳಸೂದಿಲ್ಲ, ಪಲ್ಯ ಮಾಡೋ ರೀತಿ ಬರದು ಕಳಸ್ತೀರಿ."

"ಹೌದ್ರಿ!" ಎಂದು ಅವರು ಎಷ್ಟು ಖುಷಿಪಟ್ಟರೆಂದರೆ ಚಹಾ ಚೆಲ್ಲಿಕೊಂಡರು.

"ಮತ್ತ ನಿನ್ನಿ ಯಶೋದಾಬಾಯಿ ಶಾರ್ಜಾದಾಗಿನ ಮಗನ ಜೋಡಿ ಮಾತಾಡಿ ಅಳಾಕತ್ತಿದ್ರು. ಆಕಿ ಮಗನ ದನಿ ಕೇಳಿ ಅತ್ತಿಲ್ಲ ಅಂತೀರೇನು?"

ಅವರು ಚೆಲ್ಲಿದ ಚಹಾ ಒರೆಸುವುದನ್ನು ಬಿಟ್ಟು ತಲೆಯೆತ್ತಿದರು. "ದನಿ ಮಷಿನ್ ಮಾಡಿದ್ದಿರಬಹುದ್ರಿ ಮೇಡಂ. ಅಳು ಖರೇದ," ಎಂದರು.

ಇನ್ನೊಂದು ದಿನ ಹೇಳಿದರು: ಇಂಟರ್‌ನೆಟ್ಟಿನಲ್ಲಿ ದನಿ ತುಂಡು ತುಂಡಾಗಿ ಹೋಗುತ್ತದೆ, ದಾರಿಯಲ್ಲಿ ಕೆಲವು ತುಂಡು ಕಳೆದುಹೋಗುತ್ತವೆ. ಹಳೆಯ ಕೋಡರುಗಳಲ್ಲಿ ಪ್ರತಿ ತುಂಡೂ ಹಿಂದಿನದನ್ನು ನೆಚ್ಚಿಕೊಂಡಿರುತ್ತದೆ. ಒಂದು ಕಳೆದರೆ ಹಿಂದೆ ಬರುವವೂ ಕೆಡುತ್ತವೆ. ಈಗ ಬರುತ್ತಿರುವ ಹೊಸ ಕೋಡರುಗಳಲ್ಲಿ ಪ್ರತಿ ತುಂಡೂ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಇನ್ನು ಕೆಲವು ವರ್ಷಕ್ಕೆ ಟೆಲಿಫೋನಿಗಿಂತ ಇಂಟರ್‌ನೆಟ್ಟಿನ ದನಿಯೇ ಚೆಂದವಾಗಲಿದೆ, 'ಸ' ಸ್ವಚ್ಛವಾಗಿ 'ಸ' ಎಂದೇ ಕೇಳಲಿದೆ ಎಂದು ಅವರಿಗೆ ಖಾತ್ರಿಯಿತ್ತು. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ನಾನು ನೋಡಿದೆ. ಬೇಕಾದ್ದಕ್ಕಿಂತ ಹೆಚ್ಚೇ ನೋಡಿದೆ. ಅವರು ಮಾತ್ರ ನನ್ನ ಬಗ್ಗೆ ಕೇಳಿದ ಮೊದಲ ಸ್ವಂತ ಪ್ರಶ್ನೆ ಇದು:

"ಮೇಡಂ, ನಿಮ್ಮ ಮನ್ಯಾಗ ಹಳೇ ಕೌದಿ ಅದಾವೇನ್ರಿ?"

ಪರೀಕ್ಷೆಗೆ ಗಂಡು ದನಿಯೊಂದೇ ಸಾಲದಂತೆ, ಹೆಣ್ಣು ದನಿಯೂ ಬೇಕಂತೆ. ನನ್ನ ದನಿ ರೆಕಾರ್ಡ್ ಮಾಡಬೇಕು, ತಮ್ಮ ಕಾಲೇಜಿನ ಲ್ಯಾಬಿನಲ್ಲಿ ಗೋಡೆಗೆ ಬಡಿದು ಸದ್ದು ವಾಪಸ್ ಬರುತ್ತದೆ, ಅದಕ್ಕೆ ಕೌದಿ ತೂಗುಹಾಕಬೇಕು. ಅವ್ವ ಹಳೆ ಸೀರೆ ಹೊಲಿದು ಮಾಡಿದ ಎರಡು ದಪ್ಪ ಕೌದಿ ಗಂಟು ಕಟ್ಟಿದಳು. ಮಗಳನ್ನು ಒಬ್ಬಳೇ ಕಳಿಸುವುದು ಹೇಗೆಂದು ತಾನೂ ಬಸ್ಸು ಹತ್ತಿದಳು. ಬಸವಕಲ್ಯಾಣದಲ್ಲಿ ಇಳಿದು, ಧನರಾಜ ಸರ್ ಅವರನ್ನು ಅಡಿಯಿಂದ ಮುಡಿಯ ತನಕ ಒಮ್ಮೆ ನೋಡಿ, "ನೀವು ನಿಮ್ಮ ಕೆಲಸ ಮುಗಸ್ರಿ, ನಾ ಗುಡಿಗಿ ಹೋಗಿ ಬರ್ತೀನಿ," ಎಂದು ಹೊರಟಳು. ಅವ್ವ ಕಸ್ತೂರಿಬಾಯಿ ಯಾರನ್ನಾದರೂ ನಂಬಿ ಬಿಟ್ಟು ಹೋದದ್ದನ್ನು ಅದೇ ಮೊದಲು ಕಂಡೆ.

ಕೌದಿಗಳ ನಡುವೆ ನಾನು ಕುಳಿತೆ. ಫ್ಯಾನ್ ಬಂದ್. ಕಿಟಕಿ ಬಂದ್. ಆಚೆ ಸರ್, ಹೆಡ್‌ಫೋನ್ ಹಾಕಿಕೊಂಡು, ಸ್ಕ್ರೀನಿನ ಮೇಲೆ ಕುಣಿಯುವ ಹಸಿರು ಗೆರೆ ನೋಡುತ್ತ ಕುಳಿತರು. ಓದಬೇಕಾದ ವಾಕ್ಯಗಳನ್ನು ಅವರೇ ಬರೆದಿದ್ದರು. ಅದಕ್ಕೆ ನಿಯಮವಿದೆಯಂತೆ. ವಾಕ್ಯದಲ್ಲಿ ಯಾರ ಹೆಸರೂ ಇರಬಾರದು, ಸಿಟ್ಟು ಬರಿಸಬಾರದು, ಕೇಳಿದವರು ನಗಬಾರದು, ಅಳಬಾರದು.

'ನದಿಯ ದಡದಲ್ಲಿ ದೋಣಿ ನಿಂತಿದೆ' ಎಂದು ಓದಿದೆ. 'ಸಂತೆಯಲ್ಲಿ ಬಾಳೆಹಣ್ಣು ಅಗ್ಗವಾಗಿದೆ' ಎಂದು ಓದಿದೆ. ಪ್ರತಿ ವಾಕ್ಯಕ್ಕೂ ಆಚೆಯಿಂದ ಒಂದೇ ಉತ್ತರ: "ಲೆವೆಲ್ ಚಲೋ ಬಂತ್ರಿ. ಮುಂದಿಂದು ಓದ್ರಿ."

ಸೆಕೆ. ಬೆವರು. ಮೂರು ತಿಂಗಳ ಭಾನುವಾರಗಳು. ಎದುರಿಗೆ ಹಸಿರು ಗೆರೆಯನ್ನು ಹೆಂಡತಿಯ ಹಾಗೆ ನೋಡುತ್ತ ಕುಳಿತ ಮನುಷ್ಯ. ನನ್ನ ತಲೆ ಕೆಟ್ಟಿತು. ಕಡೆಯಿಂದ ಎರಡನೆಯ ವಾಕ್ಯ ಬಂದಾಗ ಹಾಳೆಯಲ್ಲಿದ್ದುದನ್ನು ಬಿಟ್ಟೆ. ಪುಸ್ತಕದ ಭಾಷೆ ಬಿಟ್ಟು, ಮನೆಯ ಮಾತಿನಲ್ಲಿ, ಸಾವಕಾಶವಾಗಿ ಮೈಕಿಗೆ ಹೇಳಿದೆ:

"ಧನರಾಜ ಸರ್ ನನ್ನ ಮನಸ್ಸಿಗಿ ಬಂದಾರ, ಅವರಿಗಿ ಖಬರ್ ಇಲ್ಲ."

ಹೇಳಿ ಆಚೆ ಇಣುಕಿದೆ. ಕೌದಿಯ ಸಂದಿಯಿಂದ ಅವರ ಅರ್ಧ ಮುಖ ಕಾಣುತ್ತಿತ್ತು. ಅವರು ಗೆರೆಯನ್ನು ನೋಡಿದರು. ಏನೋ ಗುಂಡಿ ಒತ್ತಿದರು.

"ಲೆವೆಲ್ ಚಲೋ ಬಂತ್ರಿ. ಮುಂದಿಂದು ಓದ್ರಿ."

ಕೊನೆಯ ವಾಕ್ಯ ಹೇಗೆ ಓದಿದೆನೋ ಗೊತ್ತಿಲ್ಲ. ಬೇಡವೆನ್ನುವುದನ್ನು ಇಷ್ಟು ಮೆತ್ತಗೆ ಹೇಳಬಹುದೆಂದು ನನಗೆ ತಿಳಿದಿರಲಿಲ್ಲ. ಕೇಳಿಯೂ ಕೇಳದವರಂತೆ ಮಾಡಿ ನನ್ನ ಮರ್ಯಾದೆ ಉಳಿಸಿದರೆಂದುಕೊಂಡೆ. ವಾಪಸ್ ಬಸ್ಸಿನಲ್ಲಿ ಅವ್ವ, "ಹುಡುಗ ಸಂಭಾವಿತ ಅದಾನ," ಎಂದಳು. ಅತಿ ಸಂಭಾವಿತ ಎಂದು ಮನಸ್ಸಿನಲ್ಲೇ ಹೇಳಿ, ಕೌದಿ ಗಂಟಿನಲ್ಲಿ ಮುಖ ಹುದುಗಿಸಿ ನಿದ್ದೆಯ ನಾಟಕ ಮಾಡಿದೆ.

ಆ ವಾರವೇ ಅಪ್ಪ ಲಾತೂರಿನ ಸಂಬಂಧದ ಮಾತು ಮತ್ತೆ ತೆಗೆದರು. ಹುಡುಗ ಬ್ಯಾಂಕ್ ಆಫೀಸರ್, ಮನೆತನ ಒಳ್ಳೆಯದು, ದಸರೆ ಮುಗಿದ ಕೂಡಲೇ ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಮಾಡೋಣ ಎನ್ನುತ್ತಿದ್ದಾರೆ. ಸಕ್ಕರೆ ಹಂಚಿಬಿಟ್ಟರೆ ನಮ್ಮಲ್ಲಿ ಅರ್ಧ ಮದುವೆಯೇ ಆದಂತೆ. ನಾನು, "ನಿಮಗ ಸರಿ ಕಂಡಂಗ ಮಾಡ್ರಿ ಅಪ್ಪಾ," ಎಂದೆ. ಜಗಳಗಂಟಿ ಮಗಳು ಹೀಗೆ ಒಪ್ಪಿದ್ದು ಕಂಡು ಬಟ್ಟೆ ವ್ಯಾಪಾರಿ ಮಹಾರುದ್ರಪ್ಪನವರು ಖುಷಿಯಾಗುವ ಬದಲು ಗಾಬರಿಯಾದರು. ಜ್ವರ ಬಂದಿದೆಯೇನೋ ಎಂದು ನನ್ನ ಹಣೆ ಮುಟ್ಟಿ ನೋಡಿದರು.

ದೊಡ್ಡ ಪರೀಕ್ಷೆಯ ಭಾನುವಾರ ಬಂತು. ನಾನು ಹೋಗುವುದಿಲ್ಲ ಎಂದುಕೊಂಡಿದ್ದೆ. ಆದರೆ ಮಾರ್ಕ್ಸ್ ಹೇಗೆ ಕೊಡಬೇಕೆಂದು ಹೊಸಬರಿಗೆ ಹೇಳುತ್ತೇನೆಂದು ಮಾತು ಕೊಟ್ಟಾಗಿತ್ತು. ಭಾಯಿಯ ಅಂಗಡಿ ತುಂಬಿತ್ತು. ವಯಸ್ಸಾದ ಕಿವಿಗಳೂ ಬೇಕು ಎಂದು ಭಾಯಿ ನಮ್ಮಪ್ಪನನ್ನೂ ಕರೆತಂದು ಕೂರಿಸಿದ್ದರು. ಒಂದೇ ವಾಕ್ಯ ಬೇರೆ ಬೇರೆ ಕೋಡರುಗಳ ಮೂಲಕ ಹಾದು, ಕಲಸುಮೇಲೋಗರವಾಗಿ, ಐದಾರು ಸಲ ಬರುತ್ತದೆ. ಒಂದು ಕೆಟ್ಟು ಬರುತ್ತದೆ, ಒಂದು ತುಂಡಾಗಿ ಬರುತ್ತದೆ, ಒಂದು ಏನೂ ಹಿಂಡದೆ ಇದ್ದಂತೆಯೇ ಬರುತ್ತದೆ. "ಅರ್ಥ ಬ್ಯಾಡ್ರಿ, ಅವಾಜ ಅಷ್ಟ ಕೇಳ್ರಿ," ಎಂದು ಸರ್ ಎಲ್ಲರಿಗೂ ಹೇಳಿ ಶುರು ಮಾಡಿದರು.

ಎಲ್ಲರೂ ಹೆಡ್‌ಫೋನ್ ಹಾಕಿ ಗಂಭೀರವಾಗಿ ಬರೆಯುತ್ತಿದ್ದರು. ಇದ್ದಕ್ಕಿದ್ದಂತೆ ಯಶೋದಾಬಾಯಿಯ ಪೆನ್ನು ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಸರ್ ಅವರನ್ನು ನೋಡಿದರು. ತುಟಿ ಕಚ್ಚಿ ಏನೋ ಬರೆದರು. ಕಾಶಿರಾಮ ಸೀಲಿಂಗ್ ನೋಡತೊಡಗಿದ. ಗುಲಾಮ್ ರಸೂಲ್ ಭಾಯಿ ಗಡ್ಡ ನೀವಿಕೊಂಡು, "ವಾಹ್" ಎಂದು, ತಕ್ಷಣ ಬಾಯಿ ಮುಚ್ಚಿಕೊಂಡರು.

ಆ ವಾಕ್ಯವನ್ನು ಅವರು ಅಳಿಸಿಲ್ಲ. ಪರೀಕ್ಷೆಯಲ್ಲಿ ಇಟ್ಟಿದ್ದಾರೆ!

ಮತ್ತೊಮ್ಮೆ ಬಂತು. ಮತ್ತೆ ಎಲ್ಲರೂ ನನ್ನನ್ನು ನೋಡಿದರು. ಇನ್ನೊಮ್ಮೆ ಬಂತು. ಮಾಣಿಕನಗರದ ಅರ್ಧ ಜನಕ್ಕೆ ನನ್ನ ಮನಸ್ಸನ್ನು ನಾನೇ ನನ್ನ ದನಿಯಲ್ಲಿ, ನಾನಾ ನಮೂನೆಯಾಗಿ ಕೇಳಿಸುತ್ತಿದ್ದೆ. ಅವರೆಲ್ಲ ವಿಧೇಯರಾಗಿ ಅರ್ಥ ಬಿಟ್ಟು ಅವಾಜಕ್ಕೆ ಮಾರ್ಕ್ಸ್ ಹಾಕುತ್ತಿದ್ದರು. ನಾನೇ ಕಲಿಸಿದ ಪಾಠ. ಅಪ್ಪ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು. ಮುಖದಲ್ಲಿ ಏನೂ ಇಲ್ಲ. ಬರೆದರು, ಮಡಚಿದರು, ಎದ್ದು ಹೋದರು.

ಧನರಾಜ ಸರ್ ಮಾತ್ರ ಕುರ್ಚಿ ಸರಿಸಿ ನನ್ನ ಹತ್ತಿರ ಬಂದರು. ಮುಖ ಹೊಳೆಯುತ್ತಿತ್ತು.

"ಮೇಡಂ, ನಿಮ್ಮ ದನ್ಯಾಗ ಆ ಕಡೀಲಿಂದ ಎರಡನೇದು ಅದಲ್ಲ, ಅದು ಏನು ಚಂದ ಬಂದದ್ರಿ! ಯಾವ ಕೋಡರ್ ಹಾಕಿದ್ರೂ ಕೆಡವಲ್ದು. 'ಖ' ಅಂತೂ ಚಾಕು ಹಿಡದಂಗ ಅದ."

ನಾನು ಅವರ ಮುಖವನ್ನೇ ನೋಡಿದೆ. ನಾಟಕವಿಲ್ಲ. ಒಂದು ಚೂರೂ ಇಲ್ಲ. ಈ ಮನುಷ್ಯ ಬೇಡವೆಂದೇ ಇಲ್ಲ, ಏಕೆಂದರೆ ಈ ಮನುಷ್ಯ ಕೇಳಿಯೇ ಇಲ್ಲ. ಇಡೀ ಹುಮನಾಬಾದಿನಲ್ಲಿ ನನ್ನ ಮನಸ್ಸಿನ ಮಾತು ತಿಳಿಯದೆ ಉಳಿದವರು ಇವರೊಬ್ಬರೇ.

ನಗು ಬಂತು, ಅಳು ಬಂತು, ಹೆಡ್‌ಫೋನಿನ ವೈರಿನಿಂದ ಅವರನ್ನು ಕಟ್ಟಿಹಾಕಬೇಕೆನ್ನಿಸಿತು. "ಹೌದೇನ್ರಿ? ಚಲೋ ಆತು," ಎಂದಷ್ಟೇ ಹೇಳಿ ಎದ್ದೆ. ಊರಿಗೇ ಡಂಗುರ ಸಾರಿದ ಮೇಲೆ ಇನ್ನೊಮ್ಮೆ ಬಾಯಿಬಿಟ್ಟು ಯಾಕೆ ಹೇಳಬೇಕು? ಹೇಳಿ, ಅವರು ನಿಜವಾಗಿಯೂ ಬೇಡವೆಂದರೆ? ಆಗ ಮೆತ್ತಗೆ ಹೇಳಿದರೂ ಊರೆಲ್ಲ ಕೇಳುತ್ತದೆ.

ಯಾರೂ ಏನೂ ಅನ್ನಲಿಲ್ಲ. ಅದೇ ಕಷ್ಟ. ಯಶೋದಾಬಾಯಿ ಕರೆದು ಒಂದು ಮೊಳ ಮಲ್ಲಿಗೆ ಮುಡಿಸಿ, "ಅವಾಜ ಬಾಳ ಸಾಫ್ ಇತ್ತವ್ವ," ಎಂದರು. ಕಾಶಿರಾಮ ಆಟೋ ನಿಲ್ಲಿಸಿ, "ಬಸವಕಲ್ಯಾಣ ಬಸ್ಸಿಗೇನ್ರಿ ಮೇಡಂ?" ಎಂದ. ಮನೆಯಲ್ಲಿ ಅಪ್ಪ ಊಟಕ್ಕೆ ಕೂತರೆ ತ‍ಟ್ಟೆ ನೋಡುತ್ತಿದ್ದರು, ನನ್ನನ್ನು ನೋಡುತ್ತಿರಲಿಲ್ಲ. ಲಾತೂರಿನ ಹೆಸರೂ ತೆಗೆಯಲಿಲ್ಲ. ದಸರೆ ಹತ್ತಿರ ಬರುತ್ತಿತ್ತು.

ಆಗ ಒಂದು ಸಂಜೆ ಧನರಾಜ ಸರ್ ಮನೆಗೇ ಬಂದರು.

ಬಾಗಿಲಲ್ಲಿ ಅವರನ್ನು ಕಂಡು ಅವ್ವ ಸೆರಗು ಸರಿ ಮಾಡಿಕೊಂಡು ಒಳಗೆ ಓಡಿ ಚಹಾಕ್ಕಿಟ್ಟಳು. ಅಪ್ಪ ಪಡಸಾಲೆಯ ಗಾದಿಯ ಮೇಲೆ ನೆಟ್ಟಗೆ ಕುಳಿತರು. ನಾನು ನಡುಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತೆ. ಕೊನೆಗೂ ಕೇಳಿಸಿಕೊಂಡಿದ್ದಾರೆ, ಕೊನೆಗೂ ಬಂದಿದ್ದಾರೆ.

ಸರ್ ಚೀಲದಿಂದ ಸಿಡಿ ಪ್ಲೇಯರ್ ತೆಗೆದರು. ಹೆಡ್‌ಫೋನ್ ತೆಗೆದರು.

"ಕಾಕಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕಿವಿ ಒಂದಿಷ್ಟು ಚೆಕ್ ಮಾಡಬೇಕಿತ್ರಿ."

ಒಳಗೆ ಅವ್ವನ ಕೈಯಿಂದ ಏನೋ ಬಿತ್ತು.

"ನನ್ನ ಕಿವಿ?" ಎಂದರು ಅಪ್ಪ.

"ಎಲ್ಲಾರ ಮಾರ್ಕ್ಸ್ ಬರಾಬರ್ ಅದಾವ್ರಿ. ನಿಮ್ಮವೂ ಚಲೋ ಅದಾವ. ಆದ್ರ ಒಂದು ವಾಕ್ಯಕ್ಕ ಮಾತ್ರ, ಹ್ಯಾಂಗ ಬಂದ್ರೂ, ಹಿಂಡದ ಇದ್ದಿದ್ದಕ್ಕೂ, ಒಂದ ಒಂದು ಕೊಟ್ಟೀರಿ. ಅದು ಎಲ್ಲಾಕ್ಕಿಂತ ಸಾಫ್ ಇದ್ದ ವಾಕ್ಯ. ನನ್ನ ಪ್ರಾಜೆಕ್ಟಿನ ಗೈಡ್ ಕೇಳ್ತಾರ, ಯಾಕ ಅಂತ."

ಅಪ್ಪ ಹೆಡ್‌ಫೋನ್ ಕೈಗೆತ್ತಿಕೊಂಡರು.

"ಮಾಸ್ತರ್, ಅದನ್ನ ನೀವು ಎಷ್ಟು ಸಲ ಕೇಳೀರಿ?"

"ಲೆಕ್ಕ ಇಲ್ರಿ. ದಿನಾ ಕೇಳ್ತೀನಿ."

"ಅದರಾಗ ಏನಂದಾಳ?"

ಸರ್ ಬಾಯಿ ತೆರೆದರು. "ಮೊದಲ 'ಧ' ಬರ್ತದ್ರಿ, ಆಮ್ಯಾಲೆ... 'ಮನಸ್ಸಿಗಿ' ಅನ್ನಾಗ 'ಸ' ಎರಡು ಸಲ..." ಅಲ್ಲಿಗೆ ನಿಂತರು.

"ಹಾಕ್ರಿ," ಎಂದು ಅಪ್ಪ ಹೆಡ್‌ಫೋನನ್ನು ಅವರ ತಲೆಗೇ ತೊಡಿಸಿದರು. "ಈಗ ಅವಾಜ ಬ್ಯಾಡ. ಅರ್ಥ ಹಚ್ಚಿ ಕೇಳ್ರಿ."

ಸಿಡಿ ತಿರುಗಿತು. ನಾನು ಚೌಕಟ್ಟನ್ನು ಬಿಗಿಯಾಗಿ ಹಿಡಿದೆ. ಸರ್ ಅಭ್ಯಾಸದಂತೆ ಕಣ್ಣು ಮುಚ್ಚಿ ತಲೆ ವಾಲಿಸಿದರು. ಆಮೇಲೆ ಕಣ್ಣು ತೆರೆದವು. ಮೊದಲು ಕಿವಿ ಕೆಂಪಾದವು, ಆಮೇಲೆ ಕೆನ್ನೆ, ಆಮೇಲೆ ಕುತ್ತಿಗೆ. ಗುಂಡಿ ಒತ್ತಿ ಮತ್ತೆ ಕೇಳಿದರು. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅಂಗಡಿಯಲ್ಲಿ ನಾನು ಎರಡು ಕೊಟ್ಟ ದಿನ ನೋಡಿದ್ದಕ್ಕಿಂತ ದೊಡ್ಡದಾಗಿ ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ನಾ ಬರದ ಆ ಒಂದು ಮಾರ್ಕು ತಂತಿಗಿ ಕೊಟ್ಟಿದ್ದಲ್ಲ," ಎಂದರು ಅಪ್ಪ. "ಮಗಳು ಸಾಫ್ ಹೇಳ್ಯಾಳ, ತಂತಿ ಸಾಫ್ ತಂದದ. ಒಂದು ಕೊಟ್ಟಿದ್ದು ನಿಮ್ಮ ಕಿವಿಗಿ." ನನ್ನ ಕಡೆ ತಿರುಗಿದರು. "ಅವರಿಗಿ ಖಬರ್ ಇಲ್ಲ ಅಂದಿ. ನನಗ ಎಲ್ಲಿ ಖಬರ್ ಇತ್ತವ್ವ? ಕೌದಿಗಿ ಹೇಳ್ತಿ, ಮಷಿನಿಗಿ ಹೇಳ್ತಿ. ಅಪ್ಪಗ ಹೇಳಾಕ ಆಗಲಿಲ್ಲ?"

ನನ್ನ ಕಣ್ಣು ತುಂಬಿದವು. "ಲಾತೂರಿನವರು..." ಎಂದೆ.

"ಆವತ್ತ ಸಂಜಿಗೇ ಫೋನ್ ಹಚ್ಚಿ ಬ್ಯಾಡ ಅಂದೀನಿ. ಇವರು ಹ್ಞೂಂ ಅನ್ನಲಿ ಬಿಡಲಿ, ನಿನ್ನ ಮನಸ್ಸು ಲಾತೂರಿನಾಗ ಇಲ್ಲ ಅಂತ ತಿಳೀತಲ್ಲ. ಸಕ್ಕರಿ ಹಂಚಿ ಏನು ಮಾಡ್ಲಿ?" ಎದ್ದು ಟೋಪಿ ಹಾಕಿಕೊಂಡರು. "ನಾ ಅಂಗಡಿಗಿ ಹೋಗ್ತೀನಿ. ಇವರ ಉತ್ತರ ನೀನ ಕೇಳ್ಕೋ."

ಅಪ್ಪ ಹೋದ ಮೇಲೆ ಪಡಸಾಲೆ ದೊಡ್ಡದಾಯಿತು. ಸರ್ ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತಿದ್ದರು.

"ಲೆವೆಲ್ ಹ್ಯಾಂಗ ಬಂದದ್ರಿ ಸರ್?" ಎಂದೆ. ಸಿಟ್ಟಿನಿಂದ ಕೇಳಬೇಕೆಂದಿದ್ದೆ, ಮೆಲ್ಲಗೆ ಬಂತು.

"ಮೇಡಂ, ನನಗ ಬೈರಿ. ಆದ್ರ ಒಂದು ಮಾತು ಕೇಳ್ರಿ." ಅವರು ವೈರು ಬಿಟ್ಟರು. "ನಾ ಬೇಕಂತ ಅರ್ಥ ಕೇಳ್ತಿದ್ದಿಲ್ಲ. ರೆಕಾರ್ಡಿಂಗ್ ದಿನ ಮೊದಲಿಗೇ ನೀವು ದೋಣಿ ನಿಂತಿದೆ ಅಂದ್ರಿ ನೋಡ್ರಿ, ಆ ದೋಣಿ ನನ್ನ ತಲ್ಯಾಗ ನಿಂತಬಿಟ್ಟಿತು. ಬಾಳೆಹಣ್ಣು ಅಗ್ಗವಾಗಿದೆ ಅಂದ್ರಿ, ಗೆರಿ ನೋಡೋದ ಮರತೆ. ಹಿಂಗಾದ್ರ ಪ್ರಾಜೆಕ್ಟ್ ಮುಗಿಯಂಗಿಲ್ಲ ಅಂತ, ಅಲ್ಲೇ ಅರ್ಥಕ್ಕ ಕದ ಹಾಕ್ಕೊಂಡು ಬರೇ ಗೆರಿ ನೋಡಾಕ ಚಾಲೂ ಮಾಡಿದೆ, ಆಮ್ಯಾಲೆ ಅದ ರೂಢಿ ಆತು. ಕೆಲಸ ಇದ್ದಾಗೂ ಕೇಳ್ತಿದ್ದೆ, ಇಲ್ಲದಾಗೂ ಕೇಳ್ತಿದ್ದೆ. ಎರಡು ಮಾರ್ಕ್ಸ್ ಕೊಟ್ಟ ದಿನದಿಂದ ನೀವು ನನ್ನ ಮನಸ್ಸಿನಾಗ ಅದೀರಿ. ಹೇಳಾಕ ಧೈರ್ಯ ಇರ್ಲಿಲ್ಲ. ನಿಮ್ಮಂಥವರು ನನಗ ಹ್ಯಾಂಗ ಸಿಗ್ತಾರ ಅಂತ."

ಗಣಿತದಲ್ಲಿ ಒಂದು ಹೆಜ್ಜೆಯನ್ನೂ ಬಿಡದ ನಾನು, ಈ ಮನುಷ್ಯ ಯಾಕೆ ಹಸಿರು ಗೆರೆಯನ್ನು ಅಷ್ಟು ಗಟ್ಟಿಯಾಗಿ ನೋಡುತ್ತಿದ್ದರೆಂಬ ಹೆಜ್ಜೆಯನ್ನು ಪೂರಾ ಬಿಟ್ಟಿದ್ದೆ. ಸಂತೋಷ ಎಷ್ಟಾಯಿತೆಂದರೆ ಚೌಕಟ್ಟು ಬಿಡಲು ಭಯವಾಯಿತು.

"ಇನ್ನೊಂದು ಸಲ ಹೇಳ್ರಿ," ಎಂದರು ಅವರು ಮೆಲ್ಲಗೆ. "ನಡುವ ಏನೂ ಇಲ್ಲ ಈಗ. ಮೈಕ್ ಇಲ್ಲ, ತಂತಿ ಇಲ್ಲ. ನಾ ಕೇಳ್ತೀನಿ."

ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೇಳುವ ನನ್ನ ದನಿ ಎಲ್ಲಿ ಹೋಯಿತೋ. ಅಷ್ಟುದ್ದದ ವಾಕ್ಯ ಬರಲಿಲ್ಲ. ಅದರ ಮೊದಲ ಶಬ್ದವಷ್ಟೇ ಬಂತು.

"ಧನರಾಜ," ಎಂದೆ. 'ಸರ್' ಎಂಬುದು ಬಾಯಲ್ಲೇ ಉಳಿಯಿತು.

"ಹೇಳ್ರಿ," ಎಂದರು ಅವರು.

ಒಳಗಿನಿಂದ ಅವ್ವನ ದನಿ ಬಂತು. ಬಾಗಿಲ ಹಿಂದೆಯೇ ನಿಂತಿದ್ದಳು. "ಏ ಜಯಮಾಲಾ, ಇವತ್ತೊಂದು ದಿನ ಹೆಸರು ಹಿಡದು ಕರಿ. ನಿಮ್ಮಪ್ಪ ಸಕ್ಕರಿ ತರಾಕ ಹೋಗ್ಯಾರ. ಸಕ್ಕರಿ ಹಂಚಿದ ಮ್ಯಾಲೆ ನಮ್ಮ ಮನ್ಯಾಗ ಯಾರೂ ಗಂಡನ ಹೆಸರು ಹಿಡದಿಲ್ಲ, ತಿಳೀತೇನು?"

ಇವತ್ತೊಂದೇ ದಿನ ಎಂದ ಮೇಲೆ ನಾನು ಕಂಜೂಸುತನ ಮಾಡಲಿಲ್ಲ. ಅಪ್ಪ ವಾಪಸ್ ಬರುವ ತನಕ ಮೆಲ್ಲಗೆ ಕರೆದೆ, ಜೋರಾಗಿ ಕರೆದೆ, ನಗುತ್ತ ಕರೆದೆ, ಸುಮ್ಮನೆ ತುಟಿ ಅಲ್ಲಾಡಿಸಿ ಕರೆದೆ. ಅವರು ಪ್ರತಿ ಸಲವೂ ಓಗೊಟ್ಟರು.